ಮದಗದಡಿಯ ಕೆಂಪು ಹುಳು

ಮೀನಿನ ಕರುಳು ಮೀನಿಗೇ ಸೇರಬೇಕು ಅನ್ನುವುದು ಮೀನು ಮಾರುವ ಬಾಗಿಯ ನಂಬಿಕೆ. ಕೋಟೇಶ್ವರದ ಪೇಟೆಯಲ್ಲಿ ಮೀನು ಕೊಯ್ದು ಉಳಿದ ಕರುಳು, ಬುಟ್ಟಿ ತೊಳೆದ ನೀರು ಎಲ್ಲವನ್ನೂ ಹನ್ನೆರಡು ವರ್ಷದಿಂದ ಮನೆ ಪಕ್ಕದ ಮದಗಕ್ಕೇ ಸುರಿಯುತ್ತಿದ್ದಳು. ನೆರೆಮನೆಯವರೂ ಹಾಗೇ. ಊರಿಗಿದ್ದ ಕೆರೆ ಅದೊಂದೇ.

ಆರು ವರ್ಷದ ಮೊಮ್ಮಗಳು ಚಂದನಾ ವಾಂತಿಭೇದಿಯಾಗಿ ಎರಡನೇ ಸಲ ಕುಂದಾಪುರದ ಆಸ್ಪತ್ರೆ ಸೇರಿದಳು. ಮರುದಿನವೇ ಆಶಾ ಕಾರ್ಯಕರ್ತೆ ಶ್ರೀಲತಾ ಬಂದಳು.

"ಹ್ವಾಯ್ ಬಾಗಕ್ಕ, ಬಾವಿ ನೀರ್ ಕುದ್ಸಿ ಕುಡಿತ್ರ್ಯಾ?"

"ಎಂತಕ್ಕೆ? ನೀರಿಗ್ ಎಂತ ಆಯ್ತ್ ಮಾರಾಯ್ತಿ? ಪಕ್ಕದ್ ಮದಗದಲ್ ಕೈ ಹಾಕಿರೆ ಮುಷ್ಟಿ ತುಂಬ ಕೆಂಪು ಹುಳ. ಗಾಳಕ್ಕೆ ಒಳ್ಳೆ ಎರೆ! ನೀರ್ ಕೆಟ್ಟಿದ್ರೆ ಹುಳ ಬದ್ಕತ್ತಾ?"

ಶ್ರೀಲತಾ ಜರಡಿ ತಂದು ಮದಗದ ಕೆಸರು ಬಾಚಿದಳು. ಕಪ್ಪು ಕೆಸರು, ಕೊಳೆತ ಮೊಟ್ಟೆಯ ನಾತ. ತೊಳೆದರೆ ಉಳಿದದ್ದು ಬರೀ ಕೆಂಪು ಹುಳು.

"ನರ್ತೆ ಎಲ್ಲಿತ್ತ್ ಬಾಗಕ್ಕ? ಹೆಲಿಕಾಪ್ಟರ್ ಚಿಟ್ಟಿ ಮರಿ ಎಲ್ಲಿತ್ತ್?"

ಬಾಗಿ ಜರಡಿಗೆ ಬಗ್ಗಿ ಹುಡುಕಿದಳು. ಮದುವೆಯಾಗಿ ಬಂದ ಹೊಸತರಲ್ಲಿ ಇದೇ ಮದಗದ ನರ್ತೆ ಎಂಬ ಬಸವನಹುಳುವನ್ನು ಮಡಿಲು ತುಂಬ ಹೆಕ್ಕಿ ಸಾರು ಮಾಡಿದ್ದಳು. ಎಷ್ಟು ವರ್ಷವಾಯಿತು ಅದನ್ನು ಕಂಡು?

"ಮೀನ್ ಹಳ್ಸಿದ್ದ್ ಹೆಂಗ್ ಗೊತ್ತಾತ್ತ್?" ಶ್ರೀಲತಾ ಕೇಳಿದಳು.

"ಕಿವಿರು ಬಿಡ್ಸಿ ಕಾಣ್ಕ್."

"ಮದಗಕ್ಕೆ ಕೆಸ್ರೇ ಕಿವಿರು. ಅಡಿಯಲ್ ಇಪ್ಪ ಜೀವ ಓಡಿ ಹೋಪುಕ್ ಆತಿಲ್ಲೆ. ಕರುಳ್ ಕೊಳ್ತು ನೀರಿನ್ ಉಸಿರೇ ತಿಂತ್. ಉಳ್ದದ್ದೆಲ್ಲ ಸತ್ತ್ ಹೋಯ್ತ್. ಉಸಿರ್ ಕಮ್ಮಿ ಇದ್ರೂ ತಡ್ಕಂಬುದ್ ಈ ಹುಳ ಒಂದೇ. ಮದಗದ್ ನೀರ್ ಬಾವಿಗೂ ಒಸರ್ತ್. ಆದ್ರೆ ಬಾವಿ ನೀರಲ್ ರೋಗ ಇತ್ತಾ ಇಲ್ಯಾ ಅಂತ ಹುಳ ಹೇಳುದಿಲ್ಲೆ. ಅದ್ನ ಪರೀಕ್ಷೆಗೇ ಕೊಡ್ಕ್."

ವಾರ ಕಳೆದು ಚೀಟಿ ಬಂತು: ಬಾವಿ ನೀರು ಕುಡಿಯಲು ಯೋಗ್ಯವಲ್ಲ.

"ನನ್ ಕೈಯಾರೆ ಕೊಟ್ಟದ್ದಲ್ದಾ ಆ ನೀರ್!" ಬಾಗಿ ಬಾವಿಕಟ್ಟೆಯ ಮೇಲೆ ಕೂತು ಗೋಳೋ ಎಂದು ಅತ್ತಳು.

ಚಂದನಾ ಕಡ್ಡಿಯಾಗಿ ಮನೆಗೆ ಬಂದಳು. ಈಗ ಎಲ್ಲರ ಮನೆಯ ಮೀನಿನ ಕರುಳೂ ಮದಗ, ಬಾವಿಗಳಿಂದ ದೂರ, ತೆಂಗಿನ ಬುಡದ ಗುಂಡಿಗೆ. ಮೇಲೆ ತರಗೆಲೆ, ಮಣ್ಣು. ನೀರು ಕುದಿಸದೆ ಯಾರೂ ಕುಡಿಯುವುದಿಲ್ಲ. ಬಾಗಿ ತಿಂಗಳಿಗೊಮ್ಮೆ ಜರಡಿ ಹಿಡಿದು ಮದಗಕ್ಕೆ ಇಳಿಯುತ್ತಾಳೆ. ಒಂದು ವರ್ಷವಾಯಿತು, ಒಂದು ನರ್ತೆಯೂ ಸಿಕ್ಕಿಲ್ಲ.

ಅಕ್ಕಂದಿರೇ, ನಿಮ್ಮೂರಿನ ಕೆರೆಯ ಕೆಸರನ್ನು ನಾಳೆಯೇ ಒಮ್ಮೆ ಜರಡಿ ಹಿಡಿದು ನೋಡಿ. ನರ್ತೆ, ಚಿಪ್ಪು, ಹೆಲಿಕಾಪ್ಟರ್ ಚಿಟ್ಟೆಯ ಮರಿ ಕಂಡರೆ ಕಾಪಾಡಿಕೊಳ್ಳಿ. ಕೆಂಪು ಹುಳು ಮಾತ್ರವಿದ್ದರೆ ಕೆರೆಗೆ ಕೊಳೆ ಸುರಿಯುವುದನ್ನು ಅಂದೇ ನಿಲ್ಲಿಸಿ, ಬಾವಿ ನೀರನ್ನು ಪರೀಕ್ಷೆಗೆ ಕೊಡಿ. ಬಾಗಿಗೆ ಗೊತ್ತಾಗುವಾಗ ಮಗು ಆಸ್ಪತ್ರೆಯಲ್ಲಿತ್ತು.