ಬುಟ್ಟಿಗೆ ಹೇಳಿದ ಮಾತು

ನಾನು ಒಂದು ಕರಿ ಪ್ಲಾಸ್ಟಿಕ್ ಬುಟ್ಟಿ. ಒಡೆದ ಕೊಡ, ಹಳೆಯ ಪೈಪು, ಸವೆದ ಚಪ್ಪಲಿಗಳನ್ನೆಲ್ಲ ಕರಗಿಸಿ ರಾಣೆಬೆನ್ನೂರಿನ ಹೊರಗಿನ ಒಂದು ಶೆಡ್ಡಿನಲ್ಲಿ ನನ್ನನ್ನು ಮಾಡಿದರು. ಸಂತೆಯಲ್ಲಿ ಕರಬಸಪ್ಪ ನನ್ನನ್ನು ಕೊಂಡ. ಮೂರು ಮುಂಗಾರು ಅವನ ಸೊಂಟಕ್ಕೆ ಆತುಕೊಂಡು ಯೂರಿಯಾ ಹೊತ್ತೆ. ಅವನು ಒಮ್ಮೆಯೂ ನನ್ನನ್ನು ತೊಳೆಯಲಿಲ್ಲ.

ಪಕ್ಕದ ಮನೆ ಅವನ ತೀರಿಹೋದ ತಮ್ಮನ ಹೆಂಡತಿ ಶಂಕ್ರವ್ವನದು. ಭಾವ ನಾದಿನಿಯರ ನಡುವೆ ಎರಡು ವರ್ಷದಿಂದ ಮಾತಿರಲಿಲ್ಲ. ಬೈಗುಳ ಮಾತ್ರ ಇತ್ತು. ಅದೂ ನಡುಗೋಡೆಯ ಮೇಲೆ ಕೂತ ನನಗೆ.

"ಏ ಬುಟ್ಟಿ, ಕೆಲವರಿಗೆ ಹೊಲ ಇದ್ರೂ ಬುದ್ಧಿ ಇರಂಗಿಲ್ಲ," ಎನ್ನುವನು ಅವನು.

"ಬುಟ್ಟಿ, ಕೆಲವರಿಗೆ ಮೀಸಿ ಇದ್ರೂ ಮಾನ ಇರಂಗಿಲ್ಲ," ಎನ್ನುವಳು ಅವಳು.

ಅವಳಿಗಿದ್ದದ್ದು ರಸ್ತೆ ಬದಿಯ ಎರಡು ಎಕರೆ ಕೆಂಪು ಮಸಾರಿ ಹೊಲ ಮಾತ್ರ. ಗೋವಿನಜೋಳ ಬೆಳೆದು ಅವಳೂ ಅವಳ ಮಗಳೂ ಉಣ್ಣುತ್ತಿದ್ದರು. ಅದರ ಮೇಲೆ ಕರಬಸಪ್ಪನ ಕಣ್ಣು. ತನ್ನ ಕೆಳಗಿನ ಎರಡು ಎಕರೆ ಕಪ್ಪು ಎರೆ ಹೊಲ ಕೊಡುತ್ತೇನೆ, ಅದಲುಬದಲು ಮಾಡಿಕೊಳ್ಳೋಣ ಎಂದು ಊರ ಹಿರಿಯ ಉಜ್ಜನಗೌಡರ ಮುಂದೆ ಹಟ ಹಿಡಿದ. ಮಣ್ಣು ಪರೀಕ್ಷೆ ಮಾಡಿಸಿ, ಗೋವಿನಜೋಳಕ್ಕೆ ಒಗ್ಗುವ ನೆಲವಾದರೆ ಶಂಕ್ರವ್ವ ಒಪ್ಪಬೇಕು ಎಂದು ಗೌಡರು ತೀರ್ಪು ಕೊಟ್ಟರು.

ಎಲ್ಲರ ಕಣ್ಣೆದುರೇ ಕರಬಸಪ್ಪ ಕೆಳಗಿನ ಹೊಲದಲ್ಲಿ ನಿಯಮದಂತೆ ಅಗೆದ. ಬದು ಬಿಟ್ಟ, ತಿಪ್ಪೆ ಬಿಟ್ಟ, ಮರದ ನೆರಳು ಬಿಟ್ಟ. ಏಳು ಕಡೆ ಗೇಣುದ್ದ ತೆಗೆದು ಹಸಿ ಮಣ್ಣನ್ನು ನನ್ನಲ್ಲಿ ಸುರಿದ. ಎಲ್ಲರೂ ಅವನ ಗುದ್ದಲಿ ನೋಡಿದರೇ ಹೊರತು ನನ್ನನ್ನು ನೋಡಲಿಲ್ಲ. ನನ್ನ ಅಂಚಿನ ಮಡಿಕೆಯಲ್ಲಿ, ತಳದ ಗೆರೆಗಳಲ್ಲಿ ಮೂರು ವರ್ಷದ ಗೊಬ್ಬರ ಹರಳುಗಟ್ಟಿತ್ತು. ಅದು ಮೆಲ್ಲಗೆ ಕರಗಿ ಮಣ್ಣಿಗಿಳಿಯಿತು. ಕೂಗಿ ಹೇಳೋಣವೆಂದರೆ ನನಗೆ ಇಷ್ಟಗಲ ಬಾಯಿದೆ, ನಾಲಿಗೆಯಿಲ್ಲ.

ಶಂಕ್ರವ್ವ ನನ್ನನ್ನು ಮನೆಗೊಯ್ದು, ಮಣ್ಣನ್ನು ನೆರಳಲ್ಲಿ ಒಣಗಿಸಿ, ಅರಿವೆ ಚೀಲದಲ್ಲಿ ಪರೀಕ್ಷೆಗೆ ಕಳಿಸಿದಳು. ವಾರ ಬಿಟ್ಟು ಚೀಟಿ ಬಂತು: ಸಾರಜನಕ ಹೇರಳ, ಗೋವಿನಜೋಳಕ್ಕೆ ಒಗ್ಗುವ ನೆಲ. ಕರಬಸಪ್ಪ ಓಣಿಯಲ್ಲಿ ಪೇಡೆ ಹಂಚಿದ. ಸೋಮವಾರ ಸಹಿ ಎಂದಾಯಿತು.

ನನ್ನನ್ನು ಹಿಂದಿರುಗಿಸಲು ಶಂಕ್ರವ್ವ ತೊಳೆಯತೊಡಗಿದಳು. ಜೋಳದ ಗರಿ ಕೊಯ್ದ ಗಾಯ ಬೆರಳ ತುಂಬ. ಅಂಚಿನ ಮಡಿಕೆಗೆ ಬೆರಳು ಹೋದದ್ದೇ ಚುರ್ರೆಂದಿತು. ಉಗುರಿನಿಂದ ಕೆರೆದಳು, ಬಿಳಿ ಹರಳು ಬಂತು. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬೈಯಲಿಲ್ಲ.

ಸೋಮವಾರ ಬೆಳಿಗ್ಗೆ ಗೌಡರನ್ನು ಕೆಳಗಿನ ಹೊಲಕ್ಕೆ ಕರೆದಳು; ಕರಬಸಪ್ಪನೂ ಹಿಂದೆಯೇ ಬಂದ. ಮೊಣಕಾಲುದ್ದ ಗುಂಡಿ ತೋಡಿ ನನ್ನಿಂದ ಎರಡು ಸಲ ನೀರು ಸುರಿದಳು.

"ಏ ಬುಟ್ಟಿ, ಅವತ್ತು ಹೊಟ್ಯಾಗ ಗೊಬ್ಬರ ಇಟ್ಕೊಂಡು ಸುಳ್ಳು ಹೇಳಿದಿ. ಇವತ್ತು ನೀರು ಇಟ್ಕೊಂಡಿ, ಖರೆ ಹೇಳು," ಎಂದು ಗೌಡರ ಅಂಗೈಗೆ ಹರಳು ಹಾಕಿದಳು.

ಊಟದ ಹೊತ್ತಾದರೂ ನೀರು ಹಾಗೇ ನಿಂತಿತ್ತು. ಅವಳ ಹೊಲದಲ್ಲೂ ಅಷ್ಟೇ ಗುಂಡಿ, ಅಷ್ಟೇ ನೀರು. ಗೌಡರು ಎಲೆ ಅಡಿಕೆ ಮಡಿಚಿ, ಅಗಿದು, ಉಗುಳಿ ಬರುವಷ್ಟರಲ್ಲಿ ಅರ್ಧ ಇಂಗಿತ್ತು.

"ನೀರು ನಿಂತಲ್ಲಿ ಗೋವಿನಜೋಳದ ಬೇರು ಕೊಳೀತಾವ, ಕರಬಸಪ್ಪ. ಅದಲುಬದಲಿ ಮಾತು ಬಿಡು," ಎಂದರು ಗೌಡರು.

ಅವನು ನನ್ನನ್ನು ಒದ್ದ. ಅಂಚು ಸೀಳಿತು. ಶಂಕ್ರವ್ವ ಎತ್ತಿಕೊಂಡು ಬಂದಳು. ಅವನೂ ಕೇಳಲಿಲ್ಲ, ಅವಳೂ ಕೊಡಲಿಲ್ಲ.

ಈಗ ನನ್ನಲ್ಲಿ ನೀರು ನಿಲ್ಲುವುದಿಲ್ಲ. ಅದೇ ನಡುಗೋಡೆಯ ಮೇಲೆ ಬೋರಲು ಬಿದ್ದಿದ್ದೇನೆ. ದ್ವೇಷ ಹಾಗೇ ಇದೆ. ಮೊನ್ನೆ ಮಾತ್ರ ಮೋಡ ಕಟ್ಟಿದಾಗ ಕರಬಸಪ್ಪ ಆ ಕಡೆ ಬಂದು ಬಹಳ ಹೊತ್ತು ಕೆಮ್ಮಿದ.

"ಬುಟ್ಟಿ, ಕೆಳಗಿನ ಹೊಲಕ್ಕ ಮತ್ತೇನ್ ಒಗ್ಗತೈತಿ?"

ಈ ಕಡೆ ಶಂಕ್ರವ್ವನ ಮೊರದ ಸದ್ದು ನಿಂತಿತು.

"ಬುಟ್ಟಿ, ಭತ್ತ ಹಾಕು ಅಂತ ಹೇಳು. ನಿನ್ನ ಒದ್ದ ಕಾಲು ಕೆಸರಾಗ ಇಳೀಲಿ."

ನಾನು ಇಬ್ಬರಿಗೂ ಹೇಳಿದೆ. ಎರಡೂ ಕಡೆ ಕಿವಿಯಿದ್ದಾಗ ಬುಟ್ಟಿಗೆ ನಾಲಿಗೆ ಬೇಕಿಲ್ಲ.