ತಮ್ಮ ಹೊಗಳಿದ ವೈನು

ವೈನು ಮಾಡಿ ಮಾರುವ ಆ ಮನೆಯಲ್ಲಿ ವೈನನ್ನು ಹೊಗಳುವ ರೂಢಿ ಇರಲಿಲ್ಲ. ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡು, ನಾಲಿಗೆಯ ಮೇಲೆ ಹೊರಳಿಸಿ, ಬಕೆಟ್ಟಿಗೆ ಉಗುಳಿ, ಏನು ಕಡಿಮೆಯಾಗಿದೆ ಎಂಬುದನ್ನಷ್ಟೇ ಹೇಳಬೇಕು. ನಡುವೆ ಸೊರಗಿದೆ, ಕೊನೆಯಲ್ಲಿ ಒಗರು, ಹೀಗೆ. ಕುಂದು ಹೇಳಿದರೆ ವೈನಿಗೆ ಜೀವವಿದೆ, ಅದರ ಮೇಲೆ ಇನ್ನೂ ಆಸೆಯಿದೆ ಎಂದು ಅರ್ಥ. ಚೆನ್ನಾಗಿದೆ ಎಂಬ ಮಾತು ಗಿರಾಕಿಗಳಿಗೆ, ಎಳೆಯ ಮಕ್ಕಳಿಗೆ, ಹಾಸಿಗೆ ಹಿಡಿದವರಿಗೆ. ಹೊಗಳುವುದು ಮೇಲಿರುವವನ ಕೆಲಸ, ಬಳ್ಳಿಗೆ ಬಿಸಿಲು ಕೊಟ್ಟವನು ಅವನು, ನಾವು ಉಗುಳುವವರು ಸುಮ್ಮನಿರೋಣ ಎಂದು ಹಿರಿಯರು ಯಾರೋ ಎಂದೋ ಹೇಳಿದ್ದರಂತೆ. ಅದೇ ನಡೆದುಕೊಂಡು ಬಂತು.

ಹೊಸದಾಗಿ ಬಂದ ಹಿರಿಸೊಸೆಗೆ ಇದು ಗೊತ್ತಿರಲಿಲ್ಲ. ಮೊದಲ ದಿನ ಮೇಜಿನ ಮುಂದೆ ಕೂತು, "ಆಹಾ, ಎಷ್ಟು ಚೆನ್ನಾಗಿದೆ" ಅಂದುಬಿಟ್ಟಳು. ಎಲ್ಲರೂ ಲೋಟ ಕೆಳಗಿಟ್ಟರು. ಮಾವ ಮುಖ ಸಣ್ಣದು ಮಾಡಿಕೊಂಡು, "ಅಷ್ಟು ಕೆಟ್ಟುಹೋಗಿದೆಯೇನಮ್ಮಾ?" ಎಂದು ಕೇಳಿದರು. ಉಳಿದವರು ನಕ್ಕುಬಿಟ್ಟರು. ಆ ನಗು ಅಡುಗೆಮನೆಯಲ್ಲಿ ಬಹಳ ವರ್ಷ ಉಳಿಯಿತು.

ಆಕೆಯ ಗಂಡನೇ ಮುಂದೆ ನೆಲಮಾಳಿಗೆಯ ಯಜಮಾನನಾದ. ತಮ್ಮ ಅವನ ಬಲಗೈ. ಅವರ ಹೆಸರು ನಿಂತಿದ್ದದ್ದು ಒಂದೇ ವೈನಿನ ಮೇಲೆ: ಸಿಹಿಯ ಸುಳಿವೂ ಇಲ್ಲದ, ವರ್ಷಗಟ್ಟಲೆ ಕತ್ತಲಲ್ಲಿ ಮಲಗಿ ಹಣ್ಣಾಗುವ ಬಿಳಿಯ ವೈನು. ಎರಡು ಜಾತಿಯ ದ್ರಾಕ್ಷಿಯ ರಸ ಬೇರೆಬೇರೆ ಪೀಪಾಯಿಯಲ್ಲಿ ಹುಳಿತು, ಸಕ್ಕರೆಯನ್ನೆಲ್ಲ ಉಂಡು ಮುಗಿಸಿದ ಮೇಲೆ ಎರಡನ್ನೂ ಬೆರೆಸುತ್ತಿದ್ದರು. ಒಂದು ಚುರುಕು ಹುಳಿಯದು. ಅದಕ್ಕೆ ಮನೆಯವರು ಇಟ್ಟ ಹೆಸರು ಚೂರಿ. ಇನ್ನೊಂದು ಮಂದ, ಮೈಕೈ ತುಂಬಿಕೊಂಡದ್ದು. ಅದು ದಪ್ಪಕ್ಕ. ಚೂರಿ ವೈನನ್ನು ನೆಟ್ಟಗೆ ನಿಲ್ಲಿಸುತ್ತದೆ, ದಪ್ಪಕ್ಕ ಅದಕ್ಕೆ ಮೈ ಕೊಡುತ್ತಾಳೆ. ಯಾರು ಎಷ್ಟು ಎನ್ನುವುದರಲ್ಲೇ ಎಲ್ಲ ಇತ್ತು.

ಒಂದು ವರ್ಷ ಸುಗ್ಗಿ ಮುಗಿಯುವಾಗ ಅಣ್ಣನಿಗೆ ಜ್ವರ ಬಂತು. ಜ್ವರ ಹೋಯಿತು, ಜೊತೆಗೆ ಮೂಗನ್ನೂ ಕೊಂಡುಹೋಯಿತು. ಸಾಬೂನು, ಸೀಮೆಎಣ್ಣೆ, ಹೆಂಡತಿಯ ಕೂದಲು, ಯಾವುದಕ್ಕೂ ವಾಸನೆ ಇಲ್ಲ. ಆದರೂ ಆ ವರ್ಷದ ಬೆರಕೆಗೆ ಅವನೇ ಕೂತ. ನಾಲಿಗೆಗೆ ಹುಳಿ, ಕಹಿ, ಭಾರ ಇಷ್ಟು ತಿಳಿಯುತ್ತಿತ್ತು. ಉಳಿದದ್ದನ್ನು ನೆನಪಿನಿಂದ ಹಾಕಿದ. ದಪ್ಪಕ್ಕನನ್ನು ಹಿಂದೆಂದೂ ಹಾಕದಷ್ಟು ಸುರಿದ.

"ಅಣ್ಣಾ, ಇದು ಏಳೋದಿಲ್ಲ. ನಾಕು ವರ್ಷಕ್ಕೆ ಮುದಿಯಾಗಿ ಗೋಡೆಗೆ ಒರಗುತ್ತೆ. ಈ ಸಲ ನನಗೆ ಬಿಡು."

"ಮೂಗು ನನ್ನದು ಹೋಗಿದೆ. ನಿನಗೆ ತಲೆ ಹೋಯ್ತೇನೋ?"

"ನಿನ್ನ ಹಟಕ್ಕೆ ಒಂದು ವರ್ಷದ ಬೆಳೆ ಬಲಿ."

"ಹೌದು ಕಣೋ. ಹತ್ತು ವರ್ಷ ಬಿಟ್ಟು ಬಾ. ಆಗ ನೀನೇ ಬಿರಡೆ ತೆಗಿ."

ತಮ್ಮ ಹೋದ. ಊರಾಚೆ ಇನ್ನೊಬ್ಬರ ನೆಲಮಾಳಿಗೆಯಲ್ಲಿ ಕೆಲಸಕ್ಕೆ ಸೇರಿಕೊಂಡ. ಅಣ್ಣ ಆ ವೈನನ್ನೆಲ್ಲ ಬಾಟಲಿಗೆ ತುಂಬಿಸಿ, ಕೊನೆಯ ಗೂಡಿನಲ್ಲಿ ಮಲಗಿಸಿ, ಕಬ್ಬಿಣದ ಬಾಗಿಲಿಗೆ ಬೀಗ ಹಾಕಿದ. ಮಾರಲಿಲ್ಲ, ತೆರೆಯಲಿಲ್ಲ. ಅದಾದ ಮೇಲಿನ ಬೆರಕೆಗಳನ್ನೆಲ್ಲ ಮಗಳು ಮಾಡಿದಳು. ಅಪ್ಪ ಪಕ್ಕದಲ್ಲಿ ಕೂತು, ಬಣ್ಣ ನೋಡಿ ತಲೆಯಾಡಿಸುತ್ತಿದ್ದ.

ಹೇಳಿದ ವರ್ಷ ಬಂದಾಗ ಅಣ್ಣನ ಶ್ವಾಸಕೋಶ ಕೆಟ್ಟಿತ್ತು. ಡಾಕ್ಟರು ಸೂಜಿಗಳನ್ನು ಪೆಟ್ಟಿಗೆಗೆ ಹಾಕಿಕೊಂಡು, ಇನ್ನು ದೇವರ ಮೇಲೆ ಭಾರ ಹಾಕಿ ಎಂದು ಹೇಳಿ ಹೋದರು. ಅಣ್ಣನನ್ನು ಕಿಟಕಿಯ ಪಕ್ಕ ದಿಂಬುಗಳಿಗೆ ಒರಗಿಸಿ ಕೂರಿಸಿದ್ದರು. ಅವನಿಗೆ ಸಾವಿನ ಭಯ ಅಷ್ಟಿರಲಿಲ್ಲ. ಒಂದೇ ಒಂದು ತಿಳಿದುಕೊಂಡು ಹೋಗಬೇಕಿತ್ತು: ಮೂಗಿಲ್ಲದೆ ಮಾಡಿದ್ದು ನಿಂತಿದೆಯೋ, ಸತ್ತಿದೆಯೋ?

"ನಾನು ರುಚಿ ನೋಡಿ ಹೇಳ್ತೀನಪ್ಪ" ಅಂದಳು ಮಗಳು.

"ನೀನು ಮಗಳು. ಸಾಯೋ ಅಪ್ಪನಿಗೆ ಮಗಳು ಇನ್ನೇನು ಹೇಳ್ತಾಳೆ? ನಿನ್ನ ಚಿಕ್ಕಪ್ಪನ್ನ ಕರಿ. ಅವನಿಗೆ ನನ್ನ ಮೇಲೆ ಕೋಪ ಇದೆ. ಕೋಪ ಇರೋರು ಸರಿಯಾಗಿ ಹೇಳ್ತಾರೆ."

ತಮ್ಮ ಮಧ್ಯಾಹ್ನ ಬಂದ. ಬಾಗಿಲಲ್ಲೇ ನಿಂತ. ಅಣ್ಣನ ಕೊರಳಿನ ಎಲುಬುಗಳನ್ನು ಕಂಡು ಅವನ ಕೋಪ ಎಲ್ಲಿ ಅಡಗಿತೋ.

"ಏನೋ, ಹೊಟ್ಟೆ ಬೆಳೆಸಿದ್ದೀಯ. ಅವರ ಮನೇಲಿ ಉಗುಳೋ ಅಭ್ಯಾಸ ಇಲ್ವಾ?" ಅಂದ ಅಣ್ಣ.

ತಮ್ಮ ನಕ್ಕ. ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಗಳು ನೆಲಮಾಳಿಗೆಯಿಂದ ಬಾಟಲಿಯೊಂದನ್ನು ಮಲಗಿಸಿದಂತೆಯೇ ಎತ್ತಿಕೊಂಡು ಬಂದಳು. ಬಿರಡೆ ಮುರಿಯದೆ ಬಂತು. ಲೋಟಕ್ಕೆ ಇಳಿದದ್ದು ಒಣಹುಲ್ಲಿನ ಮೇಲೆ ಸಂಜೆ ಬಿಸಿಲು ಬಿದ್ದ ಬಣ್ಣ.

ತಮ್ಮ ಮೂಗಿನ ಹತ್ತಿರ ತಂದ. ಮೊದಲು ಬಂದದ್ದು ಜೇನುಮೇಣ, ಆಮೇಲೆ ಹುರಿದ ಬಾದಾಮಿ, ಅದರ ಹಿಂದೆ ನಿಂಬೆಯ ಸಿಪ್ಪೆ, ಒದ್ದೆ ಕಲ್ಲು. ಬಾಯಿಗೆ ಬಿಟ್ಟುಕೊಂಡ. ಜೇನಿನ ಘಮ, ಆದರೆ ಒಂದು ಹನಿ ಸಿಹಿಯಿಲ್ಲ. ದಪ್ಪಕ್ಕ ನಾಲಿಗೆಯ ತುಂಬ ಮೆಲ್ಲಗೆ ಹರಡಿಕೊಂಡಳು. ಈಗ ಕುಸಿಯುತ್ತಾಳೆ ಅನ್ನುವ ಹೊತ್ತಿಗೆ ಒಳಗಿನಿಂದ ಚೂರಿ ಎದ್ದು ಅವಳನ್ನು ಎತ್ತಿ ನಿಲ್ಲಿಸಿತು. ಆ ನಿಲುವು ಗಂಟಲಿಳಿದ ಮೇಲೂ ಮುಗಿಯಲಿಲ್ಲ. ಹೌದು, ಅವನು ಉಗುಳಲಿಲ್ಲ. ಕುಂದು ಹುಡುಕಿದ. ಅಭ್ಯಾಸದಿಂದ ಹುಡುಕಿದ, ಹಳೆಯ ಜಗಳದ ಮೇಲೂ ಹುಡುಕಿದ. ಸಿಗಲಿಲ್ಲ. ಹತ್ತು ವರ್ಷ ತಾನು ತಪ್ಪು ತಿಳಿದಿದ್ದೆ ಎಂಬುದಷ್ಟೇ ಸಿಕ್ಕಿತು.

"ಅಣ್ಣಾ" ಅಂದ, "ತುಂಬಾ ಚೆನ್ನಾಗಿದೆ ಕಣೋ. ಇಂಥದ್ದು ನಾನು ಕುಡಿದೇ ಇಲ್ಲ."

ಆಡಿದ ಮೇಲೆಯೇ ತಮ್ಮನಿಗೆ ತಾನೇನು ಆಡಿದೆ ಎಂದು ಕೇಳಿಸಿದ್ದು. ಅಣ್ಣ ಅವನ ಮುಖವನ್ನೇ ನೋಡಿದ, ಅಲ್ಲಿ ಇಳಿಯುತ್ತಿದ್ದ ನೀರನ್ನೂ ನೋಡಿದ. ಆಮೇಲೆ ಮೆಲ್ಲಗೆ ತಲೆಯಾಡಿಸಿದ.

"ಸತ್ತಿದೆ ಅನ್ನು."

"ಇಲ್ಲ ಅಣ್ಣಾ! ದೇವರಾಣೆ ನಿಜ ಹೇಳ್ತಿದೀನಿ..."

"ಅಳಬೇಡ. ಒಳ್ಳೇದು ಮಾಡಿದೆ ಕಣೋ. ನಾನಾಗಿದ್ರೂ ಹಾಗೇ ಹೇಳ್ತಿದ್ದೆ."

ಮಗಳು ಲೋಟ ಕಸಿದುಕೊಂಡು ಕುಡಿದಳು. ಅವಳಿಗೆ ಅರ್ಥವಾಗಿತ್ತು. "ಕೊನೇಲಿ ಚೂರು ಕಹಿ ಇದೆ ಅಪ್ಪಾ. ನಡುವೆ ಸ್ವಲ್ಪ ಬಿಸಿ ಜಾಸ್ತಿ. ಇನ್ನೂ ಎರಡು ವರ್ಷ ಮಲಗಬೇಕು ಇದು."

ಅಣ್ಣನಿಗೆ ನಗು ಬಂತು, ನಗು ಕೆಮ್ಮಾಯಿತು. "ಸಾಕು ಮಗಾ. ಅವನು ಹೇಳೋಕೆ ಮರೆತ ಕುಂದನ್ನ ನೀನು ನೆನಪು ಮಾಡಿ ಹೇಳೋದು ಬೇಡ." ತಾನೂ ಒಂದು ಹನಿ ತುಟಿಗೆ ತಾಗಿಸಿಕೊಂಡ. ಹುಳಿ ತಿಳಿಯಿತು, ಭಾರ ತಿಳಿಯಿತು. ಉಳಿದದ್ದು ನೀರು. "ನೋಡಿ" ಅಂದ, "ಏನೂ ಇಲ್ಲ."

ಹೆಂಡತಿಯ ಕೈ ಹಿಡಿದುಕೊಂಡ. "ನೀನೊಬ್ಬಳೇ ಕುಡಿದಿಲ್ಲ, ಏನೂ ಹೇಳಿಲ್ಲ. ನಿನ್ನ ಮಾತು ನಂಬ್ತೀನಿ. ನನ್ನ ಹೆಸರಲ್ಲಿ ಸತ್ತ ವೈನು ಇನ್ನೊಬ್ಬರ ಬಾಯಿಗೆ ಹೋಗಬಾರದು. ಆ ಗೂಡಿನದ್ದೆಲ್ಲ ಚೆಲ್ಲಿಸು. ಚೆಲ್ಲಿಸ್ತೀನಿ ಅನ್ನು."

ಆಕೆ ಮೈದುನನ ಮುಖ ನೋಡಿದಳು. ಅವನು ಬೇಡವೆಂದು ಕಣ್ಣಲ್ಲೇ ಬೇಡುತ್ತಿದ್ದ. ಹಾಸಿಗೆಯ ಮೇಲೆ ಉಸಿರು ಎಳೆದಾಡುತ್ತಿತ್ತು.

"ಚೆಲ್ಲಿಸ್ತೀನಿ" ಅಂದಳು.

ಆ ಮಾತು ಕೇಳಿ ಅಣ್ಣ ಕಿಟಕಿಯತ್ತ ತಿರುಗಿದ. ಮತ್ತೆ ವೈನಿನ ಸುದ್ದಿ ಎತ್ತಲಿಲ್ಲ. ಮೂರನೆಯ ದಿನ ಬೆಳಗ್ಗೆ ಹೋದ. ಮುಖದಲ್ಲಿ ನೆಮ್ಮದಿಯಿತ್ತು ಎಂದು ನೋಡಲು ಬಂದವರು ಹೇಳಿದರು. ಮನೆಯವರು ಹೇಳಲಿಲ್ಲ.

ಮಣ್ಣು ಮಾಡಿ ಬಂದ ವಾರ ಆಕೆ ಕೊನೆಯ ಗೂಡಿನ ಬೀಗ ತೆಗೆದಳು. ತಮ್ಮ ಮೆಟ್ಟಿಲಿಗೆ ಅಡ್ಡ ನಿಂತ.

"ಅತ್ತಿಗೆ, ನಿಮ್ಮ ಕಾಲಿಗೆ ಬೀಳ್ತೀನಿ. ಅವನು ಮಾಡಿದ್ದರಲ್ಲೆಲ್ಲ ದೊಡ್ಡದು ಇದು. ಇದನ್ನ ಚೆಲ್ಲಿದ್ರೆ ಅವನನ್ನ ಎರಡನೇ ಸಲ ಹೂತ ಹಾಗೆ."

"ನನಗೆ ಗೊತ್ತು."

"ಕುಡಿದು ನೋಡಿದ್ರಾ?"

"ಇಲ್ಲ. ಕುಡಿದರೆ ಕೈ ಬರಲ್ಲ."

"ಅಮ್ಮಾ, ಅಪ್ಪ ತಪ್ಪು ತಿಳಿದು ಹೇಳಿದ್ದು" ಅಂದಳು ಮಗಳು.

"ತಪ್ಪೇ ತಿಳಿದರು. ನಿಮ್ಮ ಚಿಕ್ಕಪ್ಪ ನಿಜ ಹೇಳಿದರು, ನಂಬಲಿಲ್ಲ. ನೀನು ಹೇಳಿದೆ, ನಂಬಲಿಲ್ಲ. ಕೊನೆಗೆ ಅವರು ನಂಬಿದ್ದು ನಾನಾಡಿದ ಮಾತೊಂದನ್ನೇ. ಅದನ್ನೂ ಸುಳ್ಳು ಮಾಡಲಾ?"

ತಮ್ಮ ಮೆಟ್ಟಿಲು ಬಿಟ್ಟು ಪಕ್ಕಕ್ಕೆ ಸರಿದ.

ಹಿತ್ತಲ ಮೋರಿಯ ಪಕ್ಕ ಆಕೆ ಕುಕ್ಕರುಗಾಲಲ್ಲಿ ಕೂತಳು. ಮೊದಲ ಬಿರಡೆಗೆ ತಿರುಪು ಹಾಕಿ ಎಳೆದಳು, ಬರಲಿಲ್ಲ. ಮಣಿಕಟ್ಟು ನೋಯುತ್ತಿತ್ತು. ತಮ್ಮ ಎದುರು ಬಂದು ಕೂತು, ಬಾಟಲಿ ತೆಗೆದುಕೊಂಡು, ಎಳೆದುಕೊಟ್ಟ. ಮಗಳು ಒಳಗಿನಿಂದ ಬುಟ್ಟಿಯಲ್ಲಿ ತಂದು ತಂದು ಇಡತೊಡಗಿದಳು. ವೈನು ಬಿಸಿಲಿಗೆ ಒಮ್ಮೆ ಹೊಳೆದು ಕಲ್ಲಿನ ಮೇಲೆ ಹರಿದು ಮೋರಿಗೆ ಇಳಿಯಿತು.

ಘಮ ಗೋಡೆ ದಾಟಿತು. ಎದುರು ಬೇಕರಿಯವನು ಹಿಟ್ಟಿನ ಕೈಯಲ್ಲೇ ಬೀದಿಗೆ ಬಂದು ಗೇಟಿನ ಮೇಲೆ ಕತ್ತು ಚಾಚಿದ.

"ಏನ್ರಮ್ಮಾ ಅದು? ಬೀದಿಯೆಲ್ಲ ಜೇನು ಕಾಯಿಸಿದ ಹಾಗೆ!"

"ಏನಿಲ್ಲಪ್ಪ" ಅಂದಳು ಆಕೆ, ತಲೆಯೆತ್ತದೆ. "ಕೆಟ್ಟುಹೋಗಿರೋ ವೈನು, ಚೆಲ್ತಿದ್ದೀವಿ."

ತಮ್ಮ ಇನ್ನೊಂದು ಬಿರಡೆ ಎಳೆದು, ಬಾಟಲಿಯನ್ನು ಆಕೆಯ ಕೈಗೆ ಕೊಟ್ಟ.