ಸಾಹೇಬರ ಕರೆ

ಬಾಗಿಲು ತೆರೆದ ಮುದುಕ ಸೆಲ್ಯೂಟ್ ಹೊಡೆದುಬಿಟ್ಟ. ಯಾರಿಗಿರಬಹುದೆಂದು ಶಾಂತಾರಾಮ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ.

"ಸಾಯ್ಬ್ರ ಮಗ ಅಲ್ಲಾ? ಮುಖ ಕಂಡ್ರೇ ಗೊತ್ತಾಗ್ತದೆ. ಸೋಮೀ, ಕರೆ ಬಂತು ನೋಡೇ!"

ಯಾವ ಕರೆ? ಕಾರವಾರದ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಶಾಂತಾರಾಮ ಭಾವಿಕೇರಿಗೆ ಬಂದದ್ದು ಅಪ್ಪನ ದಳದ ಬಗ್ಗೆ ತಾನು ಬರೆಯುತ್ತಿದ್ದ ಪುಸ್ತಕಕ್ಕಾಗಿ. ತೀರಿಕೊಂಡ ತಂದೆ ನಡೆಸುತ್ತಿದ್ದ ಮೀಸಲು ಲಘು ಪದಾತಿ ದಳವನ್ನು ಸರಕಾರ ವಿಸರ್ಜಿಸಿ ನಲವತ್ತು ವರ್ಷವಾಗಿತ್ತು. ವರ್ಷಕ್ಕೊಮ್ಮೆ ಕವಾಯತು, ಉಳಿದಂತೆ ಗದ್ದೆ, ಮನೆ. ಒಂದು ಯುದ್ಧಕ್ಕೂ ಹೋಗದ ದಳ. ಏನೂ ನಡೆಯದ್ದರ ಇತಿಹಾಸ ಬರೆಯಲು ತನಗಿಂತ ಯೋಗ್ಯರಿಲ್ಲ ಎಂದು ಅವನಿಗೆ ಆಗಾಗ ಅನ್ನಿಸುತ್ತಿತ್ತು.

"ದಳದಲ್ಲಿ ನಿಮ್ಮ ಅನುಭವ..." ಎಂದು ಶುರುಮಾಡಿದ.

ಮುದುಕ ಬೀರಾ ಗೌಡ ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. "ಕಡೇ ದಿನ ಸಾಯ್ಬ್ರು ಹೇಳಿದ್ರು, ಬೀರಾ, ಈಗ ಮನೆಗೆ ಹೋಗು, ಬೇಕಾದಾಗ ಹೇಳಿ ಕಳಸ್ತೆ ಅಂತ. ಮುಂಬಯಿಯಲ್ಲಿ ಕೆಲ್ಸ ಸಿಕ್ಕಿತ್ತು. ಹೋಗ್ಲಿಲ್ಲ. ಕರ್ದಾಗ ನಾ ಇಲ್ದೇ ಇದ್ರೆ?"

ಅವನ ಹೆಂಡತಿ ಸೋಮಿ ಹೊಸ್ತಿಲಿಗೆ ಬಂದು ನಿಂತಳು. "ದಳ ಇನ್ನೂ ಉಂಟಲ್ಲ?"

ಇಲ್ಲ ಎನ್ನಲು ಒಂದು ಉಸಿರು ಸಾಕಿತ್ತು. ಅಪ್ಪ ಈ ಮುದುಕನಿಗೆ ಸುಳ್ಳು ಹೇಳಿದನೇ? ಅಥವಾ ಅಪ್ಪನೂ ಕಾಯುತ್ತಿದ್ದನೇ? ಸಾಯುವ ವಾರದಲ್ಲೂ ಅಪ್ಪ ಬೂಟಿಗೆ ಪಾಲಿಶ್ ಹಾಕಿದ್ದ. ಅದು ಮುದುಕರ ಚಟವೆಂದು ಶಾಂತಾರಾಮ ನಕ್ಕಿದ್ದ.

"ಉಂಟು," ಎಂದ.

"ಎಲ್ಲಿಗೆ ಹೋಗೂದು?" ಮುದುಕ ಕೇಳಿದ.

"ಅದು... ಇನ್ನೂ ಗೊತ್ತಾಗಿಲ್ಲ."

ಬೀರಾ ಗೌಡನಿಗೆ ಅಷ್ಟೇ ಸಾಕಾಯಿತು. ಒಳಗೆ ಟ್ರಂಕು ಎಳೆದ ಸದ್ದು. ಸೋಮಿಯ ಅಳುವೋ ನಗುವೋ ತಿಳಿಯದ ದನಿ. ಹೋಗಿಬಿಡಬೇಕು ಎಂದುಕೊಂಡ ಶಾಂತಾರಾಮ. ಕಾರವಾರದ ಬಸ್ಸು ರಸ್ತೆಯಲ್ಲಿ ಹಾರ್ನ್ ಹಾಕಿ ನಿಂತಿತು. ಅಂಗಳದಲ್ಲಿ ನಿಂತವನು ಅದು ಹೊರಟುಹೋಗುವುದನ್ನು ನೋಡಿದ.

ಮುದುಕ ಬಂದ. ಬಣ್ಣ ಹೋದ ಖಾಕಿ ಅಂಗಿ ಅವನ ಎಲುಬುಗಳ ಮೇಲೆ ಜೋತಿತ್ತು. ಬಂದವನು ಶಾಂತಾರಾಮನ ಹಿಂದೆ, ಒಂದು ಮಾರು ಬಿಟ್ಟು, ನೆಟ್ಟಗೆ ನಿಂತ. ಸೋಮಿ ಅವನ ಕೈಗೆ ಬುತ್ತಿಯ ಗಂಟು ಕೊಟ್ಟು ದಾರಿ ಬಿಟ್ಟಳು.

"ಸತ್ಯ ಹೇಳ್ತೆ ಕೇಳಿ..." ಶಾಂತಾರಾಮ ತಿರುಗಲು ಹೋದ.

"ಮುಂದೆ ನೋಡ್ರಿ ಸಾಯ್ಬ್ರೇ," ಎಂದಿತು ಹಿಂದಿನ ದನಿ. "ಹುಕುಂ ಕೊಡ್ರಿ."

ಮುಂದೆ ಗದ್ದೆ, ಅದರಾಚೆ ಮರಳು, ಅದರಾಚೆ ನೀರು. ಶಾಂತಾರಾಮ ಕಾಲೆತ್ತಿದ. ಮೊದಲು ಇಡಬೇಕಾದದ್ದು ಎಡಗಾಲೋ ಬಲಗಾಲೋ ನೆನಪಾಗದೆ, ಆ ಕಾಲು ಗಾಳಿಯಲ್ಲೇ ನಿಂತಿತು. ಬೆನ್ನ ಹಿಂದೆ ಮುದುಕನೂ ಕಾಲೆತ್ತಿದ್ದು ಕೇಳಿಸಿತು.